‘ತಾತನ ಅಟ್ಟದಲ್ಲಿ ಸಿಕ್ಕಿದ್ದು’ ಅಂತ ಜರ್ಮನ್ ಮ್ಯಾಪ್ ಕೇಸ್ ಮಾರುವವನಿಗೆ ದುಡ್ಡು ಕಳಿಸಬೇಡಿ

ಜರ್ಮನಿಯಲ್ಲಿರುವ ಕನ್ನಡಿಗರು, ಇಲ್ಲಿಂದ ಊರಿಗೆ ತರಿಸಿಕೊಳ್ಳುವವರು, ಹಳೇ ಮಿಲಿಟರಿ ಸಾಮಾನಿನ ಹುಚ್ಚಿದ್ದವರು ದಯವಿಟ್ಟು ಓದಿ. ಮ್ಯಾಪ್ ಕೇಸ್ (ಸೈನಿಕರು ನಕ್ಷೆ ಇಟ್ಟುಕೊಳ್ಳುವ ಚೀಲ), ಮಾರ್ಚಿಂಗ್ ಕಂಪಾಸ್ (ನಡೆಯುವಾಗ ದಿಕ್ಕು ನೋಡುವ ದಿಕ್ಸೂಚಿ) ಎರಡೂ ಸೇರಿ ‘ಎರಡನೇ ಮಹಾಯುದ್ಧದ ಅಸಲಿ ಸೆಟ್’ ಅಂತ ಒಬ್ಬ ಮಾರುತ್ತಿದ್ದಾನೆ. ನನ್ನ 220 ಯೂರೋ ನುಂಗಿದ್ದಾನೆ.

ಫೋಟೋದಲ್ಲಿದ್ದದ್ದು ಅಸಲಿಯೇ. 1935ರ ಮಾದರಿಯ ಚರ್ಮದ ಚೀಲ, ಮುಂಭಾಗದಲ್ಲಿ ಪೆನ್ಸಿಲ್, ಸ್ಕೇಲ್, ರಬ್ಬರ್ ಸಿಕ್ಕಿಸುವ ಪುಟ್ಟ ಕಿಸೆಗಳು. ಮನೆಗೆ ಬಂದದ್ದೇ ಬೇರೆ. ಊರಿಂದ ಬಂದಿದ್ದ ಮಾವನವರ ಮುಂದೆಯೇ ಪಾರ್ಸೆಲ್ ಬಿಚ್ಚಿದೆ, ಅವರು ಸೈನ್ಯದಲ್ಲಿದ್ದವರು. ಮುಚ್ಚಳ ಎತ್ತಿದ ಕೂಡಲೇ ಹೊಸ ಪಾಲಿಷ್ ವಾಸನೆ ಗಪ್ಪಂತ ಹೊಡೆಯಿತು. ಒಳಗೆ ಹದ್ದಿನ ಮುದ್ರೆ, 1938, ಪಕ್ಕದಲ್ಲಿ ಮೂರಕ್ಷರದ ಕೋಡ್. ಮೈಯೆಲ್ಲ ಉರಿದುಹೋಯಿತು. ತಯಾರಕರ ಹೆಸರು ಮುಚ್ಚಿಡಲು ಆ ಅಕ್ಷರದ ಕೋಡ್ ಬಂದದ್ದೇ 1940ರ ಹೊತ್ತಿಗೆ! 1938ರ ಚೀಲದ ಮೇಲೆ ಕಂಪನಿಯ ಹೆಸರು, ಊರು ಇರಬೇಕು.

ಲೆನ್ಸ್ ಹಿಡಿದು ನೋಡಿದೆ. ಹೊಸ ಚರ್ಮಕ್ಕೆ ಒತ್ತಿದ ಮುದ್ರೆಯಾದರೆ ಆಮೇಲೆ ಬಿದ್ದ ಬಿರುಕು ಮುದ್ರೆಯನ್ನೂ ಸೀಳಿಕೊಂಡು ಹೋಗುತ್ತದೆ. ಇಲ್ಲಿ ಬಿರುಕಿನ ಮೇಲೆ ಮುದ್ರೆ ಕೂತಿದೆ, ಅಂಚು ಇನ್ನೂ ಚೂಪು. ಯುವಿ ಟಾರ್ಚ್ ಬಿಟ್ಟರೆ ಹೊಲಿಗೆ ದಾರ ಉದ್ದಕ್ಕೂ ನೀಲಿಬಿಳಿ ಹೊಳೆಯಿತು. ಹೀಗೆ ಹೊಳೆಯುವುದು ಈಗಿನ ದಾರ. 1956ರಲ್ಲಿ ಶುರುವಾದ ಪೂರ್ವ ಜರ್ಮನಿ ಸೇನೆಯ ಚೀಲವನ್ನು ಯುದ್ಧಕಾಲದ್ದು ಅಂತ ದಾಟಿಸುವವರು ಬೇಕಾದಷ್ಟಿದ್ದಾರೆ, ಇದು ಅದೂ ಅಲ್ಲ!

ಕಂಪಾಸ್ ಇನ್ನೂ ಅನ್ಯಾಯ. ಜರ್ಮನಿಯ ರಾಥೆನೋ ಊರಿನ ಬುಶ್ ಕಂಪನಿಯದು ಅಂದಿದ್ದ. ಪೂರ್ವಕ್ಕೆ ‘ಇ’ ಅಂತ ಬರೆದಿದೆ! ಜರ್ಮನ್ ಕಂಪಾಸಿನಲ್ಲಿ ಅಲ್ಲಿ ‘ಓ’ ಇರುತ್ತದೆ, ಪೂರ್ವಕ್ಕೆ ಅವರ ಭಾಷೆಯಲ್ಲಿ ‘ಓಸ್ಟ್’. ಸೇನೆಯ ಡಯಲ್ ಪೂರ್ತಿ ಸುತ್ತನ್ನು 6400 ಭಾಗ ಮಾಡಿದ್ದು, ಇದರಲ್ಲಿ 360 ಡಿಗ್ರಿ. ಮಾವನವರು ತಿರುಗಿಸಿ ನೋಡಿ ಸುಮ್ಮನೆ ಮೇಜಿನ ಮೇಲಿಟ್ಟರು. ನನಗೆ ತಲೆ ಎತ್ತೋಕಾಗಲಿಲ್ಲ.

ಅವನ ಉತ್ತರ ಕೇಳಿ. ಮೊದಲು, “ಹಳೇದಲ್ವಾ, ಯಾರೋ ಮತ್ತೆ ಹೊಲಿಸಿರಬಹುದು.” ಫೋಟೋದ ಚೀಲ ಎಲ್ಲಿ ಅಂದರೆ, “ನಮ್ಮ ತಾತ ಸುಳ್ಳು ಹೇಳಿದವರಲ್ಲ.” ನಾನು ಕೇಳಿದ್ದು ಚೀಲವನ್ನು, ತಾತನನ್ನಲ್ಲ! ಕೋಡಿನ ವಿಷಯ ಎತ್ತಿದ ಮೇಲೆ, “ಖಾಸಗಿ ಮಾರಾಟ, ವಾಪಸ್ ಇಲ್ಲ.” ಕೊನೆಗೆ, “ಭಾರತದವರಿಗೆ ಇದೆಲ್ಲ ಏನು ಗೊತ್ತಾಗುತ್ತೆ.” ಅಲ್ಲಿಗೆ ಬ್ಲಾಕ್. ಕಮಿಷನ್ ಉಳಿಯುತ್ತೆ ಅಂತ ಆನ್‌ಲೈನ್ ಪಾವತಿಯಲ್ಲಿ ‘ಗೆಳೆಯರಿಗೆ ಕಳಿಸುವ ಹಣ’ ಅಂತಲೇ ಹಾಕಿಸಿಕೊಂಡಿದ್ದ. ಅದಕ್ಕೆ ಖರೀದಿದಾರರ ರಕ್ಷಣೆ ಇಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಹಾಗೆ ದುಡ್ಡು ಕೇಳುವವನನ್ನು ಅಲ್ಲೇ ಬಿಡಿ. ಮುದ್ರೆ, ಹೊಲಿಗೆ, ಡಯಲ್ ಹತ್ತಿರದಿಂದ ತೆಗೆದ ಹೊಸ ಫೋಟೋ ಕೇಳಿ, ಪಕ್ಕದಲ್ಲಿ ಆ ದಿನದ ತಾರೀಖು ಬರೆದ ಚೀಟಿ ಇಡಿಸಿ. ಮೋಸ ಹೋದವರು ಸುಮ್ಮನಾಗಬೇಡಿ, ಗೊತ್ತಿದ್ದೂ ದೋಷ ಮುಚ್ಚಿಟ್ಟವನಿಗೆ ‘ವಾಪಸ್ ಇಲ್ಲ’ ಅನ್ನುವ ಸಾಲು ಆಸರೆಯಾಗುವುದಿಲ್ಲ. ಜರ್ಮನ್ ಸಿವಿಲ್ ಸಂಹಿತೆಯ 444ನೇ ಕಲಮು ನೋಡಿ. ನಾನು ಪೊಲೀಸರಿಗೆ ದೂರು ಕೊಟ್ಟಿದ್ದೇನೆ.

ಅದೇ ಫೋಟೋ, ಅದೇ ತಾತನ ಕಥೆ ಮತ್ತೆ ಜಾಹೀರಾತಿನಲ್ಲಿ ಬಂದಿದೆ. ಈಗ 250 ಯೂರೋ. ಯಾರೂ ಮುಟ್ಟಬೇಡಿ.