ವೈಫೈಗೆ ಅಪರಿಚಿತ ಫೋನ್: ಬ್ಲಾಕ್ ಮಾಡೋದಾ, ಪಾಸ್‌ವರ್ಡ್ ಬದಲಿಸೋದಾ, ಗೆಸ್ಟ್ ನೆಟ್‌ವರ್ಕ್ ಕೊಡೋದಾ?

ಮೊದಲು ಅದು ನಿಮ್ಮದೇ ಅಲ್ಲವೇ ನೋಡಿ. ಬ್ರೌಸರಿನಲ್ಲಿ ರೂಟರಿನ ಪುಟ 192.168.1.1 (ಕೆಲವಕ್ಕೆ 192.168.0.1) ತೆರೆದು, ಮನೆಯ ಸಾಧನಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಅಲ್ಲಿ ಕಾಣುವ ಸಾಧನಗಳ ಪಟ್ಟಿ ಗಮನಿಸಿ. ‘ಎಸ್ಪ್ರೆಸ್ಸಿಫ್’ (ಒಂದು ಚಿಪ್ ಕಂಪನಿ) ಅಂತ ಕಂಡರೆ ಬಹುತೇಕ ಸ್ಮಾರ್ಟ್ ಬಲ್ಬೋ ಪ್ಲಗ್ಗೋ ಇರುತ್ತೆ, ಕಳ್ಳ ಅಲ್ಲ.

ಬ್ಲಾಕ್ ಮಾಡಲು ಎರಡು ನಿಮಿಷ ಸಾಕು, ಬೇರೆ ಯಾರಿಗೂ ತೊಂದರೆಯಿಲ್ಲ. ಆದರೆ ಬಾಳಿಕೆ ಕಡಿಮೆ. ಆಂಡ್ರಾಯ್ಡ್ 10, ಐಒಎಸ್ 14ರಿಂದೀಚೆಗೆ ಫೋನುಗಳು ಅಸಲಿ ಮ್ಯಾಕ್ ವಿಳಾಸ (ರೂಟರ್ ಸಾಧನವನ್ನು ಗುರುತಿಸುವ ಸಂಖ್ಯೆ) ಬಚ್ಚಿಟ್ಟು ಬೇರೊಂದನ್ನು ತೋರಿಸುತ್ತವೆ. ಸೆಟ್ಟಿಂಗಿನಲ್ಲಿ ಒಂದು ಸ್ವಿಚ್ ತಿರುಗಿಸಿದರೆ ವಿಳಾಸ ಬದಲಾಗಿ ನಿಮ್ಮ ತಡೆ ವ್ಯರ್ಥ. ಮಗನ ಟ್ಯಾಬನ್ನು ಪರೀಕ್ಷೆ ಮುಗಿಯುವವರೆಗೆ ನಿಲ್ಲಿಸಲು ಇದು ಸಾಕು, ಅವನಿಗೆ ಆ ಸ್ವಿಚ್ ಗೊತ್ತಿಲ್ಲದಿದ್ದರೆ!

ಪಾಸ್‌ವರ್ಡ್ ಯಾರಿಗೆ ಹೋಗಿದೆಯೋ ಗೊತ್ತಿಲ್ಲದಿದ್ದರೆ ಬದಲಿಸುವುದೇ ಸರಿ. ಖರ್ಚಿಲ್ಲ, ಕಿರಿಕಿರಿ ಇದೆ: ಟಿವಿ, ಕ್ಯಾಮೆರಾ, ಪ್ರಿಂಟರ್ ಎಲ್ಲವನ್ನೂ ಮತ್ತೆ ಸೇರಿಸಬೇಕು. 12ಕ್ಕಿಂತ ಹೆಚ್ಚು ಅಕ್ಷರ ಇಡಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಟೈಪಿಸದೆ ಬಟನ್ ಅಥವಾ ಪಿನ್‌ನಿಂದ ಸೇರುವ ಸೌಲಭ್ಯ) ಆಫ್ ಮಾಡಿ, ರೂಟರಿನ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ. ಅದು ‘ಅಡ್ಮಿನ್’ ಅಂತಲೇ ಉಳಿದಿದ್ದರೆ ಒಳಗೆ ಬಂದವರು ಹೊಸ ಪಾಸ್‌ವರ್ಡ್ ಓದಿಕೊಳ್ಳಬಹುದು.

ಕುವೆಂಪುನಗರದಲ್ಲಿ ಮಹಡಿ ಬಾಡಿಗೆಗೆ ಕೊಟ್ಟವರಿಗೆ, ದಸರಾಗೆ ನೆಂಟರು ತುಂಬುವ ಮನೆಗೆ ಗೆಸ್ಟ್ ನೆಟ್‌ವರ್ಕ್ (ಅದೇ ರೂಟರಿನಲ್ಲಿ ಅತಿಥಿಗಳಿಗೆಂದೇ ಬೇರೆ ಹೆಸರಿನ ವೈಫೈ) ಅನುಕೂಲ. ಹಬ್ಬ ಮುಗಿದ ಮೇಲೆ ಆಫ್ ಮಾಡಿದರಾಯಿತು. ‘ಲೋಕಲ್ ನೆಟ್‌ವರ್ಕ್ ಪ್ರವೇಶ’ಕ್ಕೆ ಟಿಕ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಪ್ರಿಂಟರ್ ಅವರಿಗೂ ಕಾಣುತ್ತದೆ.