ಆಕಳ ಕಿವಿಯಲ್ಲಿ ಬಿಲ್ಲೆ ಇದೆ ಅಂತ ದುಡ್ಡು ಕೊಡಬೇಡಿ, ಆ ನಂಬರ್ ಯಾರ ಹೆಸರಲ್ಲಿದೆ ಕೇಳಿ

ಸಂಕ್ರಾಂತಿ ಹತ್ತಿರ ಬಂತು. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನಗಳ ಸಂತೆಗೆ ಜನ ಈಗಲೇ ದುಡ್ಡು ಹೊಂದಿಸುತ್ತಿದ್ದಾರೆ. ಎತ್ತು, ಆಕಳು, ಎಮ್ಮೆ ಏನೇ ಕೊಳ್ಳುವವರಿದ್ದರೂ ಇದನ್ನೊಮ್ಮೆ ಓದಿ. ಹಲ್ಲು, ಸುಳಿ, ಕೆಚ್ಚಲು ನೋಡುವುದರಲ್ಲಿ ನಮ್ಮ ಕಡೆಯ ರೈತರಿಗೆ ಮೋಸ ಮಾಡುವುದು ಕಷ್ಟ. ಈಗ ಮೋಸ ನಡೆಯುತ್ತಿರುವುದು ಕಿವಿಯಲ್ಲಿ, ದನದ ಗುರುತಿಗೆ ಹಾಕುವ ನಂಬರ್ ಬಿಲ್ಲೆಯಲ್ಲಿ.

ನಮ್ಮ ಮಾಮಾ ಇಂಡಿ ತಾಲ್ಲೂಕಿನವರು. ನಿಂಬೆ ತೋಟದ ಜೊತೆಗೆ ನಾಲ್ಕಾರು ದನ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಹೋದ ವರ್ಷ ಜಿಲ್ಲೆಯದೇ ಒಂದು ಸಂತೆಯಲ್ಲಿ ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಜಿಯನ್ ತಳಿಯ) ಆಕಳು ಕೊಂಡರು. ಎರಡನೇ ಸೂಲು, ಜೊತೆಗೊಂದು ಹೆಣ್ಣು ಕರು. ಮಾಮಾ ಸುಮ್ನೆ ನೋಡಿ ಕೊಳ್ಳುವ ಮನುಷ್ಯ ಅಲ್ಲ. ಹಿಂದಿನ ಹೊತ್ತು ಹಾಲು ಹಿಂಡದೆ ಬಿಟ್ಟು, ಕೆಚ್ಚಲು ತುಂಬಿಸಿಕೊಂಡು ಸಂತೆಗೆ ಹೊಡೆದುಕೊಂಡು ಬರುವುದು ಹಳೇ ಆಟ ಅಲ್ವಾ? ಅದಕ್ಕೇ ಹಿಂದಿನ ಸಂಜೆಯೇ ಹೋಗಿ ಎರಡು ಹೊತ್ತೂ ಎದುರಿಗೇ ಹಿಂಡಿಸಿದರು. ನಾಲ್ಕೂ ಮೊಲೆಯಲ್ಲಿ ಧಾರೆ ಸರಿಯಾಗಿ ಬರುತ್ತದಾ ಅಂತ ತಾವೇ ಕೈ ಹಾಕಿ ನೋಡಿದರು. ಬಾಯಿ ಬಿಡಿಸಿ ಹಲ್ಲು ನೋಡಿದರು. ನಡೆಸಿ ನೋಡಿದರು. ಆಮೇಲೆ ದಲಾಲಿಯ ಜೊತೆ ಟವೆಲ್ ಕೆಳಗೆ ಬೆರಳು ಹಿಡಿಯುವ ವ್ಯಾಪಾರ. 85,000 ರೂಪಾಯಿಗೆ ಕುದುರಿತು. ಜೊತೆಗೆ ನಾನೂ ಇದ್ದೆ.

ದುಡ್ಡು ಎಣಿಸುವ ಮೊದಲು ಮಾಮಾ ಪಾವತಿ ಕೇಳಿದರು, ಡಾಕ್ಟರ್ ಚೀಟಿಯನ್ನೂ ಕೇಳಿದರು. ದಲಾಲಿಯ ಬಾಯಲ್ಲಿ ಉತ್ತರ ಸಿದ್ಧವಿತ್ತು. “ಬಿಲ್ಲೆ ಕಿವ್ಯಾಗ ಐತಲ್ರೀ ಗೌಡ್ರ, ಇನ್ನ ಯಾವ ಕಾಗದ ಬೇಕ್ರಿ? ಪಾವತಿ ನಾಳೆ ವಾಟ್ಸ್‌ಆ್ಯಪ್‌ಗೆ ಹಾಕ್ತೀನಿ. ಡಾಕ್ಟ್ರು ಊಟಕ್ಕ ಹೋಗ್ಯಾರ. ನಮ್ಮ ಗಾಡಿಗೆ ರಸ್ತೆದಾಗ ಯಾರೂ ಕೈ ಮಾಡಂಗಿಲ್ಲ, ಚಿಂತಿ ಬಿಡ್ರಿ.” ಗಾಡಿಯೂ ಅವನದೇ ಪರಿಚಯದ್ದು. ಕಾಗದಪತ್ರ ಎಲ್ಲ ಆ ಬಾಡಿಗೆಯಲ್ಲೇ ಸೇರಿದೆ ಎಂದು ನಂಬಿಸಿದ.

ಆಕಳ ಕಿವಿಯಲ್ಲಿ ಹಳದಿ ಬಿಲ್ಲೆ ಇದ್ದದ್ದು ನಿಜ. 12 ಅಂಕಿಯ ನಂಬರ್ ಸ್ಪಷ್ಟವಾಗಿ ಕಾಣುತ್ತಿತ್ತು.

ಮಾಮಾನ ಮಗ ಪಿಕಪ್‌ನಲ್ಲಿ ಹೋದ, ನಾವು ಬಸ್ಸು ಹತ್ತಿದೆವು. ಊರು ದಾಟುತ್ತಿದ್ದಂತೆ ಡ್ರೈವರ್ ಗಾಡಿ ನಿಲ್ಲಿಸಿ, ಆಕಳ ಮುಂದೆ ಯಾರದೋ ಉಳ್ಳಾಗಡ್ಡಿ ಚೀಲ ಒಟ್ಟಿದನಂತೆ. ಇವರನ್ನು ಇಳಿಸಿ ಸೊಲ್ಲಾಪುರ ಮಾರ್ಕೆಟ್‌ಗೆ ಹೋಗುವ ಲೆಕ್ಕ. ಹುಡುಗ ಬೇಡ ಎಂದರೂ ಕೇಳಲಿಲ್ಲ. ಕತ್ತಲಾದ ಮೇಲೆ, ಝಳಕಿಗೆ ಮುಂಚೆ, ಹೆದ್ದಾರಿಯಲ್ಲಿ ಪೊಲೀಸರು ಕೈ ಮಾಡಿದರು. ಅವರ ಕಣ್ಣಿಗೆ ಏನು ಕಂಡಿರಬೇಕು ಯೋಚಿಸಿ. ರಾತ್ರಿ ಹೊತ್ತು, ಮಹಾರಾಷ್ಟ್ರ ಗಡಿಯ ಕಡೆ ಮುಖ ಮಾಡಿದ ಗಾಡಿ, ಅದರಲ್ಲಿ ಒಂದು ಆಕಳು, ಒಂದು ಕರು, ಸೊಲ್ಲಾಪುರಕ್ಕೆ ಹೋಗುವ ಉಳ್ಳಾಗಡ್ಡಿ. ಖರೀದಿ ಪಾವತಿ ಇಲ್ಲ, ಡಾಕ್ಟರ್ ಸರ್ಟಿಫಿಕೇಟ್ ಇಲ್ಲ. ಝಳಕಿಯಲ್ಲಿ ಬಲಕ್ಕೆ ಹೊರಳಿ ಇಂಡಿಗೆ ಹೋಗುತ್ತೇವೆ ಸಾಹೇಬ್ರೇ ಎಂದರೆ ಯಾರು ನಂಬುತ್ತಾರೆ? ದಲಾಲಿಗೆ ಫೋನ್ ಮಾಡಿದರೆ ಸ್ವಿಚ್‌ ಆಫ್. ಗಾಡಿ ಠಾಣೆಗೆ ಹೋಯಿತು, ಆಕಳು ಮತ್ತು ಕರು ಗೋಶಾಲೆಗೆ.

ಪೊಲೀಸರನ್ನು ಬೈಯಲು ನನಗೆ ಮನಸ್ಸಿಲ್ಲ. ಗೋಹತ್ಯೆ ತಡೆ ಕಾಯ್ದೆ 2021ರ ಜನವರಿಯಿಂದ ರಾಜ್ಯದಲ್ಲಿ ಜಾರಿಯಲ್ಲಿದೆ. ಗಡಿ ಕಡೆಯ ರಸ್ತೆಯಲ್ಲಿ ದನ ಕಂಡರೆ ನಿಲ್ಲಿಸಿ ಕೇಳುವುದು ಅವರ ಕೆಲಸ. ಕಟ್ಟಿ ಸಾಕಲು ಒಯ್ಯುವ ರೈತನೂ ಕಡಿಯಲು ಸಾಗಿಸುವವನೂ ಬರಿಗೈಯಲ್ಲಿ ನಿಂತರೆ ಒಂದೇ ಥರ ಕಾಣುತ್ತಾರೆ, ಅಷ್ಟೇ.

ಠಾಣೆಯಲ್ಲಿ ಕುಳಿತಾಗ ಗೊತ್ತಾದ ನಿಯಮಗಳನ್ನು ಹೇಳುತ್ತೇನೆ, ಯಾಕೆಂದರೆ ಇವು ಹೊಸವೇನಲ್ಲ. ಪ್ರಾಣಿ ಸಾಗಾಟ ನಿಯಮಗಳು 1978ರಷ್ಟು ಹಳೆಯವು. ದನ ಸಾಗಿಸುವಾಗ, ಅದು ಪ್ರಯಾಣಕ್ಕೆ ತಕ್ಕಷ್ಟು ಗಟ್ಟಿಯಿದೆ, ಅಂಟುರೋಗ ಇಲ್ಲ ಎಂದು ಪಶುವೈದ್ಯರ ಸರ್ಟಿಫಿಕೇಟ್ ಜೊತೆಗಿರಬೇಕು. ಕೊಟ್ಟವರ, ಕೊಂಡವರ ಹೆಸರು, ವಿಳಾಸ, ಫೋನ್ ನಂಬರ್ ಬರೆದ ಚೀಟಿ ಇರಬೇಕು. ಲಾರಿಯಂಥ ಗಾಡಿಯಲ್ಲಿ 6ಕ್ಕಿಂತ ಜಾಸ್ತಿ ದನ ಹಾಕುವಂತಿಲ್ಲ. ಕಾಲು ಜಾರದಂತೆ ಕೆಳಗೆ ಚಾಪೆಯೋ ಹಲಗೆಯೋ ಬೇಕು. ನೋಡಿಕೊಳ್ಳಲು ಒಬ್ಬ ಆಳು ಇರಬೇಕು. ದನದ ಜೊತೆ ಬೇರೆ ಸರಕು ಹೇರುವಂತಿಲ್ಲ. ಆ ಉಳ್ಳಾಗಡ್ಡಿ ಚೀಲಗಳೇ ಒಂದು ತಪ್ಪು! ಮೋಟಾರು ವಾಹನ ನಿಯಮ ಇನ್ನೂ ಮುಂದೆ ಹೋಗಿ, ಒಂದೊಂದು ಆಕಳಿಗೂ ಎಮ್ಮೆಗೂ 2 ಚದರ ಮೀಟರ್ ಜಾಗ ಬಿಟ್ಟು ನಡುವೆ ಅಡ್ಡಪಟ್ಟಿ ಹಾಕಿರಬೇಕು ಎನ್ನುತ್ತದೆ. ನಮ್ಮ ಸಂತೆಗಳ ಹೊರಗೆ ನಿಲ್ಲುವ ಗಾಡಿಗಳಲ್ಲಿ ಇದನ್ನು ನಾನಂತೂ ಕಂಡಿಲ್ಲ. ಹಾಗಂತ ಗಾಡಿ ಹಿಡಿದಾಗ ಅದನ್ನೇ ವಾದ ಮಾಡಿ ಪ್ರಯೋಜನವಿಲ್ಲ.

ಇಲ್ಲಿಯವರೆಗಿನದು ಹೇಗೋ ಬಗೆಹರಿಯುತ್ತಿತ್ತು. ಡೇರಿಯ ಪಾಸ್‌ಬುಕ್, ಹೊಲದ ಉತಾರ (ಪಹಣಿ), ಪಂಚಾಯ್ತಿ ಪತ್ರ ತಂದು ಮಾಮಾ ತಾವು ರೈತ ಎಂದು ತೋರಿಸಿದ್ದರು. ನಿಜವಾದ ಪೆಟ್ಟು ಬಿದ್ದದ್ದು ಗೋಶಾಲೆಗೆ ಬಂದ ದನದ ಡಾಕ್ಟರ್ ಬಿಲ್ಲೆಯ ನಂಬರನ್ನು ಮೊಬೈಲ್‌ನಲ್ಲಿ ಒತ್ತಿದಾಗ. ಆ ನಂಬರ್ ಒಂದು ಎಮ್ಮೆಯದು! ಮುರ್ರಾ ಎಮ್ಮೆ, ಬೇರೆ ತಾಲ್ಲೂಕಿನ ಯಾರದೋ ಹೆಸರಲ್ಲಿತ್ತು.

ಡಾಕ್ಟರ್ ಕಿವಿಯನ್ನು ಮಡಚಿ ತೋರಿಸಿದರು. ಬಿಲ್ಲೆಯನ್ನು ಒಮ್ಮೆ ಒತ್ತಿದರೆ ಮುಗಿಯಿತು, ಕತ್ತರಿಸದೆ ಬಿಚ್ಚಲು ಬರುವುದಿಲ್ಲ. ಇಲ್ಲಿ ಹಿಂದಿನ ಗುಂಡಿಯನ್ನು ಅಂಟು ಹಾಕಿ ಕೂಡಿಸಿದ್ದರು. ಪಕ್ಕದಲ್ಲೇ ಮಾಗಿದ ಇನ್ನೊಂದು ತೂತು. ಅಂದರೆ ಆಕಳಿನ ಸ್ವಂತ ಬಿಲ್ಲೆ ಕತ್ತರಿಸಿ ತೆಗೆದಿದ್ದಾರೆ. ಯಾಕೆ ತೆಗೆಯುತ್ತಾರೆ ಎಂದು ಕೇಳಿದೆ. ಕಳವಿನ ದನ ಇರಬಹುದು, ಬ್ಯಾಂಕ್ ಸಾಲದ್ದು ಇರಬಹುದು, ದನ ಸತ್ತಿದೆ ಎಂದು ವಿಮೆ ಹಣ ಎತ್ತಿರಲೂಬಹುದು ಎಂದರು. ವಿಮೆ ಕ್ಲೇಮಿಗೆ ಬಿಲ್ಲೆ ಒಪ್ಪಿಸಬೇಕಾಗುತ್ತದೆ. ಬಿಲ್ಲೆ ಕಂಪನಿಗೆ, ಆಕಳು ಸಂತೆಗೆ! ನಮ್ಮದರಲ್ಲಿ ಏನಾಗಿತ್ತೋ ದೇವರಿಗೇ ಗೊತ್ತು. ಆದರೆ ಕಾಗದವಿಲ್ಲದೆ ದನ ಸಾಗಿಸಿದ ಮಾಮಾನನ್ನು ಅಂದಿನಿಂದ ಕಳವಿನ ಮಾಲು ಕೊಂಡವರಂತೆ ವಿಚಾರಿಸತೊಡಗಿದರು.

ಅವರನ್ನು ಉಳಿಸಿದ್ದು ಮುಂಗಡದ 20,000 ರೂಪಾಯಿ. ಅದನ್ನು ಮಾತ್ರ ಫೋನ್‌ಪೇಯಲ್ಲಿ ದಲಾಲಿಯ ನಂಬರಿಗೆ ಹಾಕಿದ್ದರು, ಉಳಿದದ್ದು ನಗದು. ಆ ಒಂದು ದಾಖಲೆ ಇಲ್ಲದಿದ್ದರೆ ಆಕಳನ್ನು ಕೊಂಡಿದ್ದೇವೆ ಎನ್ನುವುದಕ್ಕೇ ಸಾಕ್ಷಿ ಇರುತ್ತಿರಲಿಲ್ಲ.

ಗೋಶಾಲೆಯ ಖರ್ಚಿನ ಬಗ್ಗೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹಿಂದೆ ನಮ್ಮ ಊರುಗಳಲ್ಲಿ ಕೊಂಡವಾಡ ಇತ್ತು. ಬೆಳೆ ಮೇಯ್ದ ದನವನ್ನು ಕೂಡುತ್ತಿದ್ದರು, ದಂಡ ಕಟ್ಟಿ ಸಂಜೆಗೆ ಬಿಡಿಸಿಕೊಂಡು ಬರುತ್ತಿದ್ದೆವು. ಇದು ಹಾಗಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೇಸಿನಲ್ಲಿ ಹಿಡಿದ ದನಗಳ ಬಗ್ಗೆ 2017ರ ನಿಯಮಗಳಿವೆ. ಕೇಸು ಮುಗಿಯುವವರೆಗೆ ದನವನ್ನು ಗೋಶಾಲೆಯಲ್ಲೇ ಇಡಲು ಅವು ಅವಕಾಶ ಕೊಡುತ್ತವೆ. ಮೇವು, ಔಷಧಿ, ಸಾಗಾಟದ ಖರ್ಚು ಮಾಲೀಕನ ತಲೆಗೇ ಬರುತ್ತದೆ. ಹಾಲು ಕೊಡುವ ಎಚ್‌.ಎಫ್‌. ಆಕಳಿಗೆ ಹೊತ್ತುಹೊತ್ತಿಗೆ ಹಿಂಡಬೇಕು, ಹಿಂಡಿ ಬೇಕು. ನೂರಾರು ಮುದಿ ದನಗಳನ್ನು ನೋಡಿಕೊಳ್ಳುವ ಜಾಗದಲ್ಲಿ ಅದು ಎಲ್ಲಿ ಸಾಧ್ಯ? ಕೆಚ್ಚಲು ಬಾವು ಬಂತು. ವಕೀಲರ ಫೀಸು, ಬಾಂಡು, ಓಡಾಟ ಎಲ್ಲ ಆಗಿ ಆಕಳು ಮನೆಗೆ ಬಂದಾಗ ಒಂದು ಮೊಲೆ ಪೂರ್ತಿ ಬತ್ತಿತ್ತು. ಕರು ಮಾತ್ರ ಆರೋಗ್ಯವಾಗಿದೆ.

ದಲಾಲಿಯ ಮೇಲೆ ದೂರು ಕೊಟ್ಟಿದ್ದೇವೆ. ಅವನು ಈಗ ಇನ್ನೊಂದು ಸಂತೆಯಲ್ಲಿ ಓಡಾಡುತ್ತಿದ್ದಾನೆ ಎಂದು ಕಂಡವರು ಹೇಳಿದರು. ಕೇಸು ಇನ್ನೂ ಎಳೆಯುತ್ತಿದೆ. ವಿಮೆ ಏಜೆಂಟ್ ಬಂದು ನೋಡಿ, ಕೇಸು ಮುಗಿದು ಹೊಸ ಬಿಲ್ಲೆ ಮಾಮಾನ ಹೆಸರಿಗೆ ಬರುವವರೆಗೆ ಪಾಲಿಸಿ ಆಗುವುದಿಲ್ಲ ಎಂದು ಹೋದ. ಬಿಲ್ಲೆ ಇಲ್ಲದಿದ್ದರೆ ಕ್ಲೇಮೂ ಇಲ್ಲ, ಅದು ಅವರ ಮೊದಲ ಮಾತು.

ಈಗ ಕೊಳ್ಳುವವರು ಮಾಡಬೇಕಾದ್ದು. ವ್ಯಾಪಾರ ಕುದುರಿದ ಮೇಲೆ, ದುಡ್ಡು ಕೈ ಬಿಡುವ ಮೊದಲು, ಬಿಲ್ಲೆಯ ಫೋಟೊ ತೆಗೆದು ನಿಮ್ಮೂರ ದನದ ದವಾಖಾನೆಗೆ ಕಳಿಸಿ. ನಂಬರ್ ಹಾಕಿದರೆ ದನದ ಜಾತಿ, ತಳಿ, ಮಾಲೀಕನ ಹೆಸರು, ಕಾಲುಬಾಯಿ ಬೇನೆಯ ಲಸಿಕೆ ಯಾವಾಗ ಆಗಿದೆ ಎನ್ನುವುದೂ ಕಾಣುತ್ತದೆ. ಲಸಿಕೆಯನ್ನು ಈಗ ಆ ನಂಬರಿಗೇ ಬರೆಯುತ್ತಾರೆ. ಮಾರುವವನ ಆಧಾರ್‌ನಲ್ಲಿರುವ ಹೆಸರೂ ಅಲ್ಲಿ ಕಾಣುವ ಹೆಸರೂ ಒಂದೇನಾ ನೋಡಿ. ಹಳೇ ಬೈಕ್ ಕೊಳ್ಳುವಾಗ ಆರ್‌.ಸಿ. ಕೇಳುತ್ತೀರಿ, ಅದರ ಎರಡು ಪಟ್ಟು ಬೆಲೆಯ ಆಕಳಿಗೆ ಯಾಕೆ ಸಂಕೋಚ? ಕಿವಿಯ ಹಿಂದಿನ ಗುಂಡಿಯನ್ನು ಉಗುರಿನಿಂದ ಕೆದಕಿ ನೋಡಿ. ಇನ್ನೊಂದು ತೂತು ಕಂಡರೆ, ಬಿಲ್ಲೆ ಯಾಕೆ ಬದಲಾಯಿತು ಎಂದು ಕೇಳಿ. ಮೇಯುವಾಗ ಬೇಲಿಗೆ ಸಿಕ್ಕಿ ಬಿಲ್ಲೆ ಹರಿದು ಬೀಳುವುದೂ ಉಂಟು. ಹಾಗಾಗಿದ್ದರೆ ಹೊಸ ನಂಬರ್ ಅದೇ ಮಾಲೀಕನ ಹೆಸರಲ್ಲೇ ಇರುತ್ತದೆ.

ಕೊಂಡ ಮೇಲೆ ಹೆಸರು ಬದಲಾಯಿಸಿಕೊಳ್ಳುವುದನ್ನು ನಾಳೆ ಎನ್ನಬೇಡಿ. ದವಾಖಾನೆಯವರೇ ಮಾಡಿಕೊಡುತ್ತಾರೆ. ಪೂರ್ತಿ ಹಣ ಆಗದಿದ್ದರೂ ಒಂದಿಷ್ಟನ್ನು ಬ್ಯಾಂಕ್ ಮೂಲಕವೇ ಕೊಡಿ, ಅದೂ ದಲಾಲಿಗಲ್ಲ, ಮಾಲೀಕನಿಗೆ. ಡಾಕ್ಟರ್ ಊಟಕ್ಕೆ ಹೋಗಿದ್ದರೆ ಬರುವವರೆಗೆ ಕಾಯಿರಿ. ಹೊತ್ತು ಮುಳುಗಿದರೆ ಸಂತೆಯಲ್ಲೇ ಮಲಗಿ ಬೆಳಿಗ್ಗೆ ಹೊರಡಿ. ಗಾಡಿ ನೀವೇ ಗೊತ್ತು ಮಾಡಿ. ಚಾಲಕ ಬೇರೆ ಚೀಲ ಹೇರಲು ಬಂದರೆ ಆಕಳನ್ನು ಇಳಿಸಿಕೊಳ್ಳಿ.

ರೋಗದ ಕಾಲದಲ್ಲಿ ಇದ್ಯಾವುದೂ ನಡೆಯುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ನಮ್ಮ ಕಡೆ ಸಂತೆ, ಜಾತ್ರೆ, ಸಾಗಾಟ ಎಲ್ಲಕ್ಕೂ ನಿಷೇಧ ಬಿದ್ದಿತ್ತು. ಸಂತೆಗೆ ಹೊರಡುವ ಮೊದಲು ಈ ಸಲ ಅಂಥ ಆದೇಶ ಏನಾದರೂ ಇದೆಯಾ ಎಂದು ತಾಲ್ಲೂಕು ದವಾಖಾನೆಯಲ್ಲಿ ಕೇಳಿಕೊಳ್ಳಿ. ದಾರಿಯಲ್ಲಿ ದನಕ್ಕೆ ಏನಾದರೂ ಆದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರುತ್ತದೆ.

ಈಗಾಗಲೇ ಕೊಂಡು ಕಟ್ಟಿದವರು ಇವತ್ತೇ ಕೊಟ್ಟಿಗೆಗೆ ಹೋಗಿ ನಂಬರ್ ಬರೆದುಕೊಂಡು ದವಾಖಾನೆಯಲ್ಲಿ ತೋರಿಸಿ. ಹೊಂದಾಣಿಕೆ ಆಗದಿದ್ದರೆ ಬಿಲ್ಲೆಗೆ ಕೈ ಹಚ್ಚಬೇಡಿ. ಬಿಚ್ಚಿದರೆ ಕತ್ತರಿಸಿದ ಆರೋಪ ನಿಮ್ಮ ಮೇಲೇ ಬರುತ್ತದೆ. ಡಾಕ್ಟರ್ ಕಡೆಯಿಂದ ಬರಹದಲ್ಲಿ ತೆಗೆದುಕೊಂಡು ಠಾಣೆಗೆ ನೀವೇ ಮೊದಲು ಹೋಗಿ.