ಫಿಯೋ: ಡಿಸ್ಕಿನ ಸ್ಪೀಡ್ ತೂಗುವವರಿಗೆ

ನಾನು ಮಂಡ್ಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವವನು. ನಮ್ಮದು ನಾಲ್ಕು ನೋಡ್‌ಗಳ ಪುಟ್ಟ ಕ್ಲಸ್ಟರ್, ಅಂದರೆ ಒಟ್ಟಿಗೆ ದುಡಿಯುವ ನಾಲ್ಕು ಕಂಪ್ಯೂಟರ್. ನಾಲ್ಕಕ್ಕೂ ಸೇರಿ ಒಂದೇ ಸ್ಟೋರೇಜ್ ಸರ್ವರ್, ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲು ಹಂಚುವ ವ್ಯವಸ್ಥೆ) ಮೇಲೆ. ಅದನ್ನು ಕೂರಿಸಿಕೊಟ್ಟ ಹುಡುಗ 'ಡಿಡಿ' (ಡೇಟಾ ನಕಲಿಸುವ ಲಿನಕ್ಸ್ ಕಮಾಂಡ್) ಓಡಿಸಿ 1 ಜಿಬಿ ಸೊನ್ನೆ ಬರೆಸಿ, "ನೋಡಿ ಸಾರ್, ಸೆಕೆಂಡಿಗೆ 1.9 ಜಿಬಿ!" ಅಂದ. ತಲೆಯಾಡಿಸಿ ಸಹಿ ಹಾಕಿದೆ. ಮುಂದಿನ ವಾರ ಹುಡುಗರು ಪ್ರಾಜೆಕ್ಟ್ ಕಂಪೈಲ್‌ಗೆ ಹಾಕಿದರೆ, ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬಂದರೂ ಮುಗಿದಿರಲಿಲ್ಲ.

ಆಗ ಹಾಕಿಕೊಂಡದ್ದು ಫಿಯೋ, ಡಿಸ್ಕಿನ ವೇಗ ಅಳೆಯುವ ಪ್ರೋಗ್ರಾಂ. ಲಿನಕ್ಸ್ ಕರ್ನಲ್‌ನ ಬ್ಲಾಕ್ ಲೇಯರ್ (ಡಿಸ್ಕಿನ ಜೊತೆ ವ್ಯವಹರಿಸುವ ಭಾಗ) ನೋಡಿಕೊಳ್ಳುವ ಯೆನ್ಸ್ ಆಕ್ಸ್‌ಬೋ ಬರೆದದ್ದು, ಕಾಸು ಕೊಡಬೇಕಿಲ್ಲ. 'ಡೈರೆಕ್ಟ್=1' (ರ್‍ಯಾಮಿನಲ್ಲಿ ಇಟ್ಟುಕೊಳ್ಳದೆ ನೇರ ಡಿಸ್ಕಿಗೆ) ಅಂತ ಕೊಟ್ಟೆ, ಬಣ್ಣ ಬಯಲಾಯಿತು. ಆ 1.9 ಜಿಬಿ ಡಿಸ್ಕಿನದ್ದಲ್ಲ, ರ್‍ಯಾಮಿನದ್ದು. ಕಬ್ಬಿನ ಲಾರಿ ತೂಗಿ, ಖಾಲಿ ಲಾರಿಯ ತೂಕ ಕಳೆಯದೆ ಚೀಟಿ ಬರೆದ ಹಾಗೆ. (ರೈತನ ಲಾಭಕ್ಕೆ ಹಾಗೆ ತಪ್ಪಿದ್ದನ್ನು ನಾನಂತೂ ಕಂಡಿಲ್ಲ ಬಿಡಿ.)

1 ಎಂಬಿ ಬ್ಲಾಕಿನಲ್ಲಿ ಸಾಲಾಗಿ ಓದಿಸಿದರೆ ನೋಡ್‌ಗೆ ಸೆಕೆಂಡಿಗೆ 112 ಎಂಬಿ ಬಂತು. ಗಿಗಾಬಿಟ್ ಕೇಬಲ್ಲಿನ ಮಿತಿಯೇ 125, ತಕರಾರಿಲ್ಲ. ಸರ್ವರ್ ಮೇಲೆಯೇ ಕೂತು 4 ಕೆಬಿ ಚೂರುಗಳನ್ನು ಅಲ್ಲೊಂದು ಇಲ್ಲೊಂದು ಬರೆಸಿದಾಗ ಮಾತ್ರ ಸೆಕೆಂಡಿಗೆ 84 ಬರಹ. ಅಂದರೆ ಬರೀ 336 ಕೆಬಿ! ಕಮಾಂಡ್ ತಪ್ಪಿರಬೇಕು ಅಂತ ಮೂರು ಸಲ ಓಡಿಸಿದೆ. ಕೊನೆಗೆ ಹಾಜರಿ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಬರಲು 8.3 ಮಿಲಿಸೆಕೆಂಡ್, ಸರಾಸರಿ ಕಾಯಬೇಕಾದ್ದು ಅದರರ್ಧ, ಹೆಡ್ ಸರಿಯುವ ಹೊತ್ತೂ ಸೇರಿದರೆ ಒಂದು ಡಿಸ್ಕಿಗೆ ಸೆಕೆಂಡಿಗೆ 80ರ ಆಸುಪಾಸು ಕೆಲಸ. ನಮ್ಮದು ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಡಿಸ್ಕುಗಳನ್ನು ಜೋಡಿಸುವ ಕ್ರಮ), ಅದಕ್ಕಾಗಿ ಇಟ್ಟ ಲೆಕ್ಕವನ್ನೂ ತಿದ್ದಬೇಕಾದ್ದರಿಂದ ಒಂದು ಚೂರು ಬರೆಯಲು ಎರಡು ಓದು, ಎರಡು ಬರಹ. ನಾಲ್ಕು ಡಿಸ್ಕ್ ಸೇರಿ ದುಡಿದದ್ದು ಒಂದರಷ್ಟೇ. ಸಣ್ಣ ಸಣ್ಣ ಫೈಲುಗಳ ಕಂಪೈಲ್ ತೆವಳದೆ ಇನ್ನೇನು?

ಎಲ್ಲ ನೋಡ್‌ಗಳಿಂದ ಒಟ್ಟಿಗೆ ಓಡಿಸುವ ಕ್ಲೈಂಟ್-ಸರ್ವರ್ ಸೌಲಭ್ಯವೂ ಇದೆ. ಓಡಿಸಿದರೆ ಆ 112 ನಾಲ್ಕು ಪಾಲಾಯಿತು.

ದೂರೂ ಇದೆ. ರಿಪೋರ್ಟ್ ಉದ್ದುದ್ದ ಬರುತ್ತದೆ, ಹೊಸಬರಿಗೆ ಎಲ್ಲಿ ನೋಡಬೇಕೋ ತಿಳಿಯದು. ಸರಾಸರಿ ಬಿಟ್ಟು 99ನೇ ಪರ್ಸೆಂಟೈಲಿನ (ನೂರರಲ್ಲಿ 99 ಕೆಲಸ ಇಷ್ಟು ಹೊತ್ತಿನೊಳಗೆ ಮುಗಿದವು ಅನ್ನುವ) ಸಾಲು ಹುಡುಕಿ. ಇನ್ನೊಂದು: ಫೈಲಿನ ಹೆಸರು ಕೊಡುವ ಕಡೆ ಡಿಸ್ಕಿನ ಹೆಸರೇ ಕೊಟ್ಟು ರೈಟ್ ಟೆಸ್ಟ್ ಹಾಕಿದರೆ ಇದ್ದಬದ್ದ ಡೇಟಾ ಎಲ್ಲ ನೀರುಪಾಲು. ನಮ್ಮ ಹುಡುಗನೊಬ್ಬ ಎಂಟರ್ ಒತ್ತುವಷ್ಟರಲ್ಲಿ ಕೈ ಹಿಡಿದೆ.

ಈಗ ಮೈಸೂರಿನಿಂದ ಎರಡು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ತರಿಸಿ ಮಿರರ್ ಮಾಡಿಸಿದ್ದೇನೆ, ಅಂದರೆ ಎರಡರಲ್ಲೂ ಅದೇ ಡೇಟಾ. ಹಾಕಲು ಬಂದ ಹುಡುಗ ಡಿಡಿ ಟೈಪ್ ಮಾಡತೊಡಗಿದ. "ಸ್ವಲ್ಪ ಈ ಕಡೆ ಕೊಡಪ್ಪ" ಅಂತ ಕೀಬೋರ್ಡ್ ಎಳೆದುಕೊಂಡೆ.